ಶಾಲುಬಾಯಿ ಬಿಟ್ಟ ಲೆಕ್ಕ

ಮಗಳು ಗೌತಮಿ ತೀರಿಕೊಂಡ ಮೇಲೆ ಶಾಲುಬಾಯಿ ಮತ್ತು ಮಚ್ಛೇಂದ್ರ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದು ನಿಂತುಹೋಯಿತು. ಜಗಳವೇನೂ ಆಗಿರಲಿಲ್ಲ.

ಮಗುವಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಮೆಹಕರದ ಬಾವಿಗಳು ತಳ ಕಂಡಿದ್ದವು, ಊರಿಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಭಾದ್ರಪದದಲ್ಲಿ ಒಂದು ದಿನ ಮಗುವಿಗೆ ವಾಂತಿಭೇದಿ ಹತ್ತಿತು. ಭಾಲ್ಕಿಯಲ್ಲಿ ತೋರಿಸಿದರೆ ಬೀದರಕ್ಕೆ ಒಯ್ಯಿರಿ ಅಂದರು. ಮಚ್ಛೇಂದ್ರ ಗೆಳೆಯನ ಮೋಟರ್‌ಸೈಕಲ್ ತಂದು, ಹೆಂಡತಿಯನ್ನೂ ಮಗುವನ್ನೂ ಹಿಂದೆ ಕೂರಿಸಿಕೊಂಡು ಹೊರಟ. ಬಟ್ಟೆಯಲ್ಲಿ ಸುತ್ತಿದ ಮಗು ಇಬ್ಬರ ನಡುವೆ ಇತ್ತು. "ಬಂತ ನೋಡವ್ವಾ, ಬೀದರ ಬಂತು" ಎಂದು ಶಾಲುಬಾಯಿ ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ದವಾಖಾನೆಯಲ್ಲಿ ಡಾಕ್ಟರು ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿದರು. ಮುಂದೆ ಏನನ್ನೂ ಮಾಡಲಿಲ್ಲ.

ಊರ ಹೊರಗೆ ಬೇವಿನ ಗಿಡದ ಹತ್ತಿರ ಮಣ್ಣು ಮಾಡಿ, ಮೇಣಬತ್ತಿ ಹಚ್ಚಿ ಬಂದರು. ಬಂದ ನೆಂಟರು ಹೋದರು. ಆಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಮಚ್ಛೇಂದ್ರ ಮುಂಜಾನೆ ಎದ್ದು, ಬಿತ್ತನೆಯೇ ಆಗದ ಹೊಲಕ್ಕೆ ಹೋಗಿ ಕೂತು ಬರುತ್ತಿದ್ದ. ಶಾಲುಬಾಯಿ ರೊಟ್ಟಿ ಮಾಡಿ ಮುಚ್ಚಿಟ್ಟು ಒಳಗೆ ಹೋಗಿ ಮಲಗುತ್ತಿದ್ದಳು. ದಸರೆ ಮುಗಿದ ಮೇಲೆ ಹೈದರಾಬಾದಿನ ಸೆಂಟ್ರಿಂಗ್ ಕೆಲಸಕ್ಕೆ ಜನ ಕೂಡಿಸಲು ಮುಕಾದಮ ಊರಿಗೆ ಬಂದ. ಅರ್ಧ ಓಣಿ ಅವನ ಜೊತೆ ಹೊರಟಿತು. ಮಚ್ಛೇಂದ್ರನೂ ಹೊರಟ. ಹೋಗುವ ಮುಂಚೆ ಮನೆಗೆ ಕೀಲಿ ಹಾಕಿ, ಹೆಂಡತಿಯನ್ನು ಬೀದರದ ಚಿದ್ರಿಯಲ್ಲಿದ್ದ ತನ್ನ ಅಕ್ಕ ಕೇಶರಬಾಯಿಯ ಮನೆಯಲ್ಲಿ ಬಿಟ್ಟ.

ಕೇಶರಬಾಯಿ ವಿಧವೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕು ನಡೆಸುತ್ತಿದ್ದಳು. ಶಾಲುಬಾಯಿ ಅವಳ ಜೊತೆ ಕೂತು ಹಿಟ್ಟು ನಾದುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಚ್ಛೇಂದ್ರನ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತ್ರಿ. ನಿಮ್ದು?"

"ಆಯ್ತು."

ಆಮೇಲೆ ಅತ್ತ ಕಡೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು, ಯಾರೋ ತೆಲುಗಿನಲ್ಲಿ ಕೂಗುವುದು. ಇತ್ತ ಕೇಶರಬಾಯಿ ರೊಟ್ಟಿ ಬಡಿಯುವ ಸದ್ದು. "ಇನ್ನೇನು?" ಎನ್ನುತ್ತಿದ್ದ ಅವನು. "ಏನಿಲ್ರಿ." "ಇಡ್ತೀನಿ ಹಂಗಾರ."

ಇದನ್ನು ದಿನಾ ಕೇಳುತ್ತಿದ್ದ ಕೇಶರಬಾಯಿಗೆ ಒಂದು ದಿನ ತಡೆಯಲಾಗಲಿಲ್ಲ.

"ಶಾಲೂ, ಹಿಂಗ ಗೋಡಿ ನೋಡ್ಕೋತ ಎಷ್ಟ ದಿನ ಕೂಡ್ತಿ? ನಮ್ಮ ಸಾಲ್ಯಾಗ ಹತ್ತನೇತ್ತಾ ಫೇಲ್ ಆದೋರಿಗಿ ಮಧ್ಯಾಹ್ನ ಕ್ಲಾಸ್ ತಗೋಳ್ಲತ್ತಾರ. ನಿಂದು ಗಣಿತ ಒಂದೇ ಅಲ್ಲೇನು ಉಳಿದದ್ದು? ಪಾಸ್ ಆದ್ರ ನಿಮ್ಮೂರ ಅಂಗನವಾಡ್ಯಾಗ ಜಾಗ ಖಾಲಿ ಅದ ಅಂತ ಕೇಳೀನಿ."

"ನಂಗ ಲೆಕ್ಕ ತಲಿಗಿ ಹತ್ತಂಗಿಲ್ಲ ಅಕ್ಕಾ."

"ಹತ್ತಲಿ, ಬಿಡಲಿ. ಮನಿ ಬಿಟ್ಟು ಹೊರಗಂತೂ ಹೋಗ್ತಿ."

ಶಾಲುಬಾಯಿ ಹೋದದ್ದು ಆ ಕೊನೆಯ ಮಾತಿಗಾಗಿ. ಕ್ಲಾಸು ತೆಗೆದುಕೊಳ್ಳುತ್ತಿದ್ದವರು ಭಾಲಚಂದ್ರ ಮಾಸ್ತರ ಎಂಬ ನಿವೃತ್ತ ಮೇಷ್ಟ್ರು. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಮನುಷ್ಯ. ಪಡಸಾಲೆಯಲ್ಲಿ ಹಲಗೆ ಒರಗಿಸಿ, ಬಟ್ಟೆ ಅಂಗಡಿಯ ಹುಡುಗಿಯರು, ಮದುವೆಯಾದವರು, ಒಬ್ಬ ಆಟೋದವನು, ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ತಳ ಗಟ್ಟಿಯಿಲ್ಲದೆ ಗೋಡೆ ನಿಲ್ಲುವುದಿಲ್ಲ ಎಂದು ಎಂಟು, ಒಂಬತ್ತನೆಯ ತರಗತಿಯ ಲೆಕ್ಕಗಳಿಂದಲೇ ಶುರು ಮಾಡಿದರು. ದಿನಾ ಮನೆಗೆಲಸ ಕೊಟ್ಟು, ಮರುದಿನ ಒಬ್ಬೊಬ್ಬರದೂ ನೋಡುತ್ತಿದ್ದರು.

ಆ ವಾರ ಒಂದು ಸಂಜೆ ಮಚ್ಛೇಂದ್ರ "ಇನ್ನೇನು?" ಎಂದಾಗ ಶಾಲುಬಾಯಿ ಎಂದಿನಂತೆ ಏನಿಲ್ಲ ಅನ್ನಲಿಲ್ಲ.

"ಒಂದು ಲೆಕ್ಕ ಬರವಲ್ದು."

"ಏನ ಲೆಕ್ಕ?"

ಅವಳು ಕ್ಲಾಸಿನ ವಿಷಯ ಎರಡು ಮಾತಿನಲ್ಲಿ ಹೇಳಿ, ಪುಸ್ತಕ ಹಿಡಿದು ಓದಿದಳು. ಒಂದು ತ್ರಿಭುಜ. ಎ ಕೋನ ಬಿ ಕೋನದ ಎರಡರಷ್ಟಿದೆ. ಸಿ ಕೋನ ಬಿ ಕೋನಕ್ಕಿಂತ ಇಪ್ಪತ್ತು ಡಿಗ್ರಿ ಹೆಚ್ಚು. ಮೂರೂ ಕೋನಗಳನ್ನು ಕಂಡುಹಿಡಿಯಬೇಕು.

"ನೀ ಏನ ಮಾಡ್ದಿ?"

"ತ್ರಿಭುಜ ತಗದು ಅಳದೆ. ಎಷ್ಟ ಸಲ ತಗದ್ರೂ ಬ್ಯಾರೆ ಬ್ಯಾರೆ ಬರ್ಲತ್ತದ."

ಆ ಕಡೆ ಅವನು ನಕ್ಕನೋ ಉಸಿರು ಬಿಟ್ಟನೋ, ಒಂದು ಸದ್ದು ಕೇಳಿತು. ಮಚ್ಛೇಂದ್ರ ಭಾಲ್ಕಿಯಲ್ಲಿ ಪಿಯುಸಿ ವಿಜ್ಞಾನ ಓದಿದವನು. ತಂದೆ ತೀರಿಕೊಂಡ ವರ್ಷ ಓದು ಬಿಟ್ಟು ಹೊಲ ಹಿಡಿದಿದ್ದ. ಲೆಕ್ಕ ಬಿಡಿಸಿ ವರ್ಷಗಳೇ ಆಗಿದ್ದವು.

"ಅಳೀಬ್ಯಾಡ. ಯಾವುದು ಗೊತ್ತಿಲ್ಲ ಅದಕ್ಕ ಒಂದು ಹೆಸರ ಇಡು. ಬಿ ಕೋನ ಎಷ್ಟು ಅಂತ ಗೊತ್ತಿಲ್ಲ. ಅದಕ್ಕ ಎಕ್ಸ್ ಅನ್ನು."

"ಎಕ್ಸ್."

"ಎ ಎಷ್ಟಾಯ್ತು?"

"ಎರಡ ಎಕ್ಸ್."

"ಸಿ?"

"ಎಕ್ಸ್... ಮತ್ತ ಇಪ್ಪತ್ತು."

"ಮೂರೂ ಕೂಡಿದ್ರ ಎಷ್ಟ ಆಗಬೇಕು?"

ನೂರಾ ಎಂಬತ್ತು ಎನ್ನುವುದೊಂದು ಅವಳಿಗೆ ನೆನಪಿತ್ತು. ಬರೆದಳು. ಅವನು ಕಾದ. ಬಹಳ ಹೊತ್ತಾದರೂ ಫೋನಿಡಲಿಲ್ಲ.

"ನಾಕ ಎಕ್ಸ್ ಅಂದ್ರ ನೂರಾ ಅರವತ್ತು. ಎಕ್ಸ್ ನಲವತ್ತು. ಹಂಗಾರ ಎ ಎಂಬತ್ತು. ಸಿ ಅರವತ್ತು."

"ಕೂಡ್ಸಿ ನೋಡು."

"ಬಂತ್ರಿ."

"ಬಂತಲ್ಲ" ಎಂದ ಮಚ್ಛೇಂದ್ರ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಶರಬಾಯಿ ಅವಳತ್ತ ನೋಡುತ್ತಿದ್ದಳು.

ಅಂದಿನಿಂದ ಸಂಜೆಯ ಫೋನು ಉದ್ದವಾಯಿತು. ಶಾಲುಬಾಯಿ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಚಿತ್ರ ಬಿಡಿಸುತ್ತಿದ್ದಳು. ಅತ್ತ ಅವನು ಒಂದು ಪ್ಲೈವುಡ್ ಹಲಗೆಯ ಮೇಲೆ ಸೀಮೆಸುಣ್ಣದಿಂದ ಅದೇ ಚಿತ್ರ ಬಿಡಿಸಿಕೊಳ್ಳುತ್ತಿದ್ದ. ಕಾಣದ ಚಿತ್ರವನ್ನು ಮಾತಿನಲ್ಲಿ ಹೇಳುವುದು ಸುಲಭವಲ್ಲ. "ಬಿ ಇಂದ ಸಿ ಕಡಿ ಗೆರಿ ಎಳಿ. ಹಂಗs ಮುಂದ ಒಯ್ದು ಡಿ ಅಂತ ಬರಿ. ಈಗ ಹೊರಗಿನ ಕೋನ ನೋಡು" ಎಂದು ಅವನು ಹೇಳಿದರೆ, ಇವಳು ಯಾವ ಕಡೆ ಹೊರಗು, ಯಾವ ಕಡೆ ಒಳಗು ಎಂದು ಕೇಳುತ್ತಿದ್ದಳು. ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಔರಾದದ ಹಬೀಬ ಮೊದಲು ನಗುತ್ತಿದ್ದ. ಆಮೇಲೆ ತಾನೇ ಹಲಗೆ ಒರೆಸಿ ಇಟ್ಟಿರುತ್ತಿದ್ದ.

ಒಂದು ದಿನ ಲೆಕ್ಕದ ನಡುವೆ ಮಚ್ಛೇಂದ್ರ ಕೇಳಿದ: "ನಿನ್ನ ದನಿ ಇವತ್ತ ಸಣ್ಣ ಅದ. ಜ್ವರ ಬಂದಾವೇನು?"

"ಇಲ್ರಿ. ಮುಂದಿನದು ಓದ್ತೀನಿ."

ಅವನ ಕೆಮ್ಮು ಕೇಳಿ ಅವಳೂ ಒಮ್ಮೆ, "ಬಾಯಿಗಿ ಬಟ್ಟಿ ಕಟ್ಕೊಂಡು ಕೆಲಸ ಮಾಡ್ರಿ" ಎಂದಳು. ಅವನು ಹೂಂ ಎಂದು, "ಎರಡೂ ಕಡಿಂದ ಮೂರು ಕಳಿ" ಎಂದ. ಮಗುವಿನ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಮದುವೆಯಾದ ಮೇಲೆ ಇಷ್ಟು ಹೊತ್ತು ಅವರು ಎಂದೂ ಒಟ್ಟಿಗೆ ಕೂತು ಮಾತಾಡಿರಲಿಲ್ಲ.

ಸಂಕ್ರಮಣ ಕಳೆದ ಮೇಲೆ ಮಾಸ್ತರರು ಸಮೀಕರಣಗಳ ಪಾಠದಲ್ಲಿ ವಯಸ್ಸಿನ ಲೆಕ್ಕಗಳಿಗೆ ಬಂದರು. ಅಣ್ಣ ತಮ್ಮಂದಿರ ವಯಸ್ಸು, ಅಜ್ಜ ಮೊಮ್ಮಗನ ವಯಸ್ಸು. ಆ ದಿನದ ಮನೆಗೆಲಸದಲ್ಲಿ ಶಾಲುಬಾಯಿ ಐದು ಲೆಕ್ಕ ಮಾಡಿ ಆರನೆಯದನ್ನು ಬಿಟ್ಟಳು. ಫೋನಿನಲ್ಲೂ ಅದನ್ನು ಓದಲಿಲ್ಲ. ಮರುದಿನ ಮಾಸ್ತರರು ಅವಳ ವಹಿ ನೋಡಿ ಕೇಳಿದರು.

"ಆರನೇದು ಯಾಕ ಬಿಟ್ಟೀರಿ ಬಾಯಿ?"

"ಬರ್ಲಿಲ್ಲ ಸರ್."

"ಐದನೇದು ಮಾಡೀರಿ, ಇದು ಅದಕ್ಕಿಂತ ಸೋಪಾ ಅದ, ಭಾಳ ಸರಳ. ಇವತ್ತ ನಿಮಗ ಬ್ಯಾರೆ ಏನೂ ಕೊಡಂಗಿಲ್ಲ. ಇದೊಂದೇ ಮಾಡ್ಕೊಂಡು ಬರ್ರಿ."

ಅವರಿಗೆ ಏನೂ ಗೊತ್ತಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಸಂಜೆ ಫೋನು ಬಂತು. "ಇವತ್ತ ಏನ ಕೊಟ್ಟಾರ?" ಎಂದ ಮಚ್ಛೇಂದ್ರ.

"ಏನೂ ಕೊಟ್ಟಿಲ್ರಿ."

"ಏನೂ ಇಲ್ಲಾ?"

"ಇಲ್ರಿ."

ಹಳೆಯ ಸಂಜೆಗಳ ಹಾಗೆ ಮತ್ತೆ ಯಂತ್ರದ ಸದ್ದು ಕೇಳತೊಡಗಿತು. "ಇಡ್ತೀನಿ ಹಂಗಾರ" ಎಂದು ಅವನು ಅಂದದ್ದೇ ಶಾಲುಬಾಯಿ ಪುಸ್ತಕ ಎಳೆದುಕೊಂಡಳು. ಫೋನಿಡುವುದನ್ನು ತಡೆಯಲು ಅವಳ ಬಳಿ ಬೇರೆ ಮಾತಿರಲಿಲ್ಲ.

"ಒಂದು ಅದರಿ," ಎಂದಳು. "ಓದ್ತೀನಿ."

ಓದಿದಳು. ಒಬ್ಬ ತಂದೆಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟಿದೆ. ಐದು ವರ್ಷಗಳ ನಂತರ ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟಾಗುತ್ತದೆ. ಅವರ ಈಗಿನ ವಯಸ್ಸೆಷ್ಟು?

ಕೇಶರಬಾಯಿಯ ಕೈ ಹಿಟ್ಟಿನಲ್ಲಿ ಹಾಗೇ ನಿಂತಿತು.

ಅತ್ತ ಮಚ್ಛೇಂದ್ರ ಹಲಗೆ ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಎಂದಿನ ದನಿಯಲ್ಲೇ ಶುರು ಮಾಡಿದ.

"ಎಕ್ಸ್ ಯಾವುದು ಇಟ್ಕೋತಿ?"

"ಮಗಳ ವಯಸ್ಸು."

"ಹೂಂ. ತಂದಿದು?"

"ನಾಕ ಎಕ್ಸ್."

"ಐದು ವರ್ಷದ ಮ್ಯಾಲ ಮಗಳಿಗಿ..."

ಅಲ್ಲಿಗೆ ಅವನ ಮಾತು ನಿಂತಿತು. "ಐದು ವರ್ಷದ ಮ್ಯಾಲ" ಎಂದು ಇನ್ನೊಮ್ಮೆ ಅಂದ. ಹಲಗೆ ಬಿದ್ದ ಸದ್ದಾಯಿತು. ಶಾಲುಬಾಯಿ "ಏನ್ರಿ, ಏನ್ರಿ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬೇರೆ ದನಿ ಬಂತು.

"ಭಾಭಿ, ನಾ ಹಬೀಬ ಇದ್ದೀನ್ರಿ. ಇವ್ರು ಇಲ್ಲೇ ಅದಾರ. ಅಳ್ಲತ್ತಾರ. ನಾ ಹತ್ರ ಇದ್ದೀನಿ, ನೀವು ಫಿಕರ್ ಮಾಡಬ್ಯಾಡ್ರಿ."

ಶಾಲುಬಾಯಿ ಫೋನು ಕೆಳಗಿಟ್ಟಳು. ಪೆನ್ಸಿಲು ತೆಗೆದುಕೊಂಡು ಉಳಿದದ್ದನ್ನು ಒಬ್ಬಳೇ ಬರೆದಳು. ಮಗಳಿಗೆ ಹತ್ತು, ತಂದೆಗೆ ನಲವತ್ತು. ಸರಿಯಾಗಿಯೇ ಬಂದಿತ್ತು. ಅದನ್ನು ನೋಡುತ್ತ ಕೂತವಳು ಒಮ್ಮೆಲೇ ಬಾಗಿ ಕೇಶರಬಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಕೇಶರಬಾಯಿ ಹಿಟ್ಟಿನ ಕೈಯಿಂದಲೇ ಅವಳ ಬೆನ್ನು ಸವರಿದಳು. ಮಗು ಹೋದ ಮೇಲೆ ಶಾಲುಬಾಯಿ ಯಾರ ಎದುರಿಗೂ ಅತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಚ್ಛೇಂದ್ರ ಚಿದ್ರಿಯ ಮನೆಯ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ, ಅಂಗೈಯ ಚರ್ಮ ಸಿಮೆಂಟಿಗೆ ಸುಲಿದಿತ್ತು. ನೀರು ಕೊಟ್ಟರೆ ಕುಡಿದು, "ಊರಿಗಿ ಹೋಗಿ ಬರೋಣೇನು?" ಎಂದ. ಯಾಕೆಂದು ಅವಳು ಕೇಳಲಿಲ್ಲ. ಸೆರಗು ಸರಿಪಡಿಸಿಕೊಂಡು ಹೊರಟಳು.

ಭಾಲ್ಕಿಯ ತನಕ ಒಂದು ಬಸ್ಸು, ಅಲ್ಲಿಂದ ಮೆಹಕರಕ್ಕೆ ಇನ್ನೊಂದು. ಊರಿನಲ್ಲಿ ಮುದುಕರು ಬಿಟ್ಟರೆ ಹೆಚ್ಚು ಜನ ಇರಲಿಲ್ಲ. ಮನೆಯ ಕೀಲಿ ತೆಗೆಯದೆ ಇಬ್ಬರೂ ನೇರ ಬೇವಿನ ಗಿಡದ ಹತ್ತಿರ ಹೋದರು. ನಾಯಿ ಕೆದರಬಾರದೆಂದು ಹೇರಿದ್ದ ಕಲ್ಲುಗಳು ಹಾಗೇ ಇದ್ದವು. ಗಾಳಿಗೆ ಮೇಣಬತ್ತಿ ನಿಲ್ಲಲಿಲ್ಲ. ಮಚ್ಛೇಂದ್ರ ಎರಡು ಕಲ್ಲು ಅಡ್ಡ ಇಟ್ಟು ಮತ್ತೆ ಹಚ್ಚಿದ.

"ಆರನೇದು ಬಿಟ್ಟು ಐದs ಮಾಡಿದ್ದೆ ನಾ" ಎಂದಳು ಶಾಲುಬಾಯಿ. "ಮಾಸ್ತರ ಕೇಳಿದ್ರು. ಬರಂಗಿಲ್ಲ ಅಂತ ಸುಳ್ಳ ಹೇಳ್ದೆ. ಐದು ವರ್ಷದ ಮ್ಯಾಲ ಅಂತ ಬರೀಲಾಕ ಕೈ ಏಳ್ಲಿಲ್ರಿ."

ಅವನು ಮಣ್ಣು ನೋಡುತ್ತ ಕೂತಿದ್ದ.

"ಶಾಲೂ, ಆ ದಿನ ದಾರ್ಯಾಗ ಹಲಬರ್ಗಾ ದಾಟೋತನ ನೀ ಕೂಸಿಗಿ ಏನೇನೋ ಹೇಳ್ಲತ್ತಿದ್ದಿ. ಬೀದರ ಬಂತು, ಬೀದರ ಬಂತು ಅಂತ. ದಾಟಿದ ಮ್ಯಾಲ ಜರಾ ಹೊತ್ತು ಸುಮ್ಮ ಆದಿ. ಆಮ್ಯಾಲ ಮತ್ತ ಚಾಲೂ ಮಾಡ್ದಿ. ಖರೆ, ನಿನ್ನ ದನಿ ಬ್ಯಾರೆ ಆಗಿತ್ತು."

ಶಾಲುಬಾಯಿ ತಲೆ ಎತ್ತಿ ಅವನ ಮುಖ ನೋಡಿದಳು.

"ಆವಾಗs ನಂಗ ತಿಳೀತು" ಎಂದ ಅವನು. "ತಿಳದ್ರೂ ಗಾಡಿ ಜೋರ ಹೊಡದೆ. ನಿಲ್ಲಿಸಿ ಹಿಂದ ಹೊಳ್ಳಿ ನೋಡಿದ್ರ, ನಂಗ ತಿಳದದ್ದು ನಿಂಗ ಗೊತ್ತಾಗ್ತದ ಅಂತ ನಿಲ್ಲಿಸಲಿಲ್ಲ."

"ನಂಗೂ ಗೊತ್ತಿತ್ತು" ಎಂದಳು ಅವಳು. "ಹಲಬರ್ಗಾದಾಗೇ ಗೊತ್ತಾಗಿತ್ತು. ಕೂಸಿನ ಕುತ್ತಿಗಿ ನನ್ನ ತೋಳಿನ ಮ್ಯಾಲ ಬಿತ್ತು. ನಿಮಗ ಹೇಳಿದ್ರ ಗಾಡಿ ಎಲ್ಲಿ ಕೆಡವ್ತೀರೋ ಅಂತ ಹೇಳ್ಲಿಲ್ಲ. ದವಾಖಾನಿ ಬರೋತನ ನಿಮಗ ಆಸೆ ಇರ್ಲಿ ಅಂತ ಮಾತಾಡ್ಕೋತ ಬಂದೆ."

ಇಬ್ಬರೂ ಅಷ್ಟು ದಾರಿ, ಸತ್ತ ಮಗುವನ್ನು ನಡುವೆ ಇಟ್ಟುಕೊಂಡು, ಒಬ್ಬರಿಗೊಬ್ಬರು ಗೊತ್ತಾಗದಿರಲಿ ಎಂದು ಬಂದಿದ್ದರು. ಆಮೇಲೆ ಆ ಮಾತನ್ನು ಎಲ್ಲಿಂದ ತೆಗೆಯಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ಮುಖ ನೋಡಿದರೆ ಅದು ಕಣ್ಣಲ್ಲಿ ಕಂಡೀತೆಂದು ಮುಖ ನೋಡುವುದನ್ನೇ ಬಿಟ್ಟಿದ್ದರು.

ಮಚ್ಛೇಂದ್ರ ಅವಳ ಕೈ ಹಿಡಿದುಕೊಂಡ. ಇಬ್ಬರೂ ಅತ್ತರು. ಮೇಣಬತ್ತಿ ಕರಗಿ ಮುಗಿಯಿತು, ಬಿಸಿಲು ಇಳಿಯಿತು. ದಾರಿಯಲ್ಲಿ ಹೋಗುತ್ತಿದ್ದ ಮುದುಕಿ ಕೌಸಲ್ಯಾಬಾಯಿ ಇವರನ್ನು ಕಂಡು, ಏನೂ ಕೇಳದೆ ತಾನೂ ಒಂದು ಗಳಿಗೆ ಕೂತು ಎದ್ದುಹೋದಳು.

ಚಿದ್ರಿಗೆ ಮರಳಿ ಎರಡು ದಿನ ಇದ್ದು ಅವನು ಹೈದರಾಬಾದಿಗೆ ತಿರುಗಿ ಹೋದ. ಸಂಜೆಯ ಫೋನಿನಲ್ಲಿ ಈಗ ಲೆಕ್ಕದ ಜೊತೆ ಬೇರೆ ಮಾತೂ ಬರುತ್ತಿತ್ತು. ಗೌತಮಿ ಬೆಲ್ಲ ಕದ್ದು ತಿಂದು ಬಾಯಿ ಒರೆಸಿಕೊಳ್ಳುತ್ತಿದ್ದದ್ದು, ಎಮ್ಮೆಗೆ ಹೆದರಿ ಅಪ್ಪನ ಹೆಗಲೇರುತ್ತಿದ್ದದ್ದು. ಕೆಲವು ಸಂಜೆ ಅಂಥ ಮಾತಿನ ನಡುವೆ ಒಬ್ಬರ ದನಿ ನಿಲ್ಲುತ್ತಿತ್ತು. ಆಗ ಇನ್ನೊಬ್ಬರು ಕಾಯುತ್ತಿದ್ದರು. ಲೆಕ್ಕಗಳು ಕಠಿಣವಾದವು. ವೃತ್ತದ ಪ್ರಮೇಯಗಳು ಬಂದಾಗ ಮಚ್ಛೇಂದ್ರನಿಗೇ ಮರೆತುಹೋಗಿತ್ತು. "ನಿಮ್ಮ ಮಾಸ್ತರನ್ನ ಕೇಳಿ ನಂಗೂ ಹೇಳು" ಎಂದ. ಅವಳು ಕಲಿತುಬಂದು ಅವನಿಗೆ ಹೇಳಿದಳು.

ಪರೀಕ್ಷೆ ಭಾಲ್ಕಿಯಲ್ಲಿತ್ತು. ಬಿಸಿಲಿಗೆ ರಸ್ತೆ ಕಾದಿತ್ತು. ಲಾತೂರಿಗೆ ರೈಲಿನಲ್ಲಿ ನೀರು ಒಯ್ಯುತ್ತಿದ್ದಾರೆಂದು ಬಸ್ಸಿನಲ್ಲಿ ಜನ ಮಾತಾಡುತ್ತಿದ್ದರು. ಶಾಲುಬಾಯಿ ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಬರೆದಳು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ದೊಡ್ಡ ಅಂಕವಲ್ಲ, ಆದರೆ ಪಾಸು. ಭಾಲಚಂದ್ರ ಮಾಸ್ತರರು ಕೇಶರಬಾಯಿಯ ಮನೆಗೇ ಬಂದು ಚಹಾ ಕುಡಿದು ಹೋದರು. ಮಚ್ಛೇಂದ್ರ ಫೋನಿನಲ್ಲಿ, "ಛಲೋ ಆಯ್ತು, ಭಾಳ ಛಲೋ ಆಯ್ತು" ಎಂದು ಎರಡೆರಡು ಸಲ ಹೇಳಿದ.

ಜೂನಿನಲ್ಲಿ ಕೇಶರಬಾಯಿ ಅವಳನ್ನು ಮೆಹಕರಕ್ಕೆ ಕರೆದೊಯ್ದಳು. ಅಂಗನವಾಡಿಯ ಜಾಗ ಇನ್ನೂ ತುಂಬಿರಲಿಲ್ಲ, ಅರ್ಜಿ ಹಾಕುವ ಮುಂಚೆ ಒಮ್ಮೆ ನೋಡಿ ಬರೋಣ ಎಂದು. ಮಕ್ಕಳು ತಾಟು ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದವು. ಮೂರು ವರ್ಷದವು, ನಾಲ್ಕು ವರ್ಷದವು. ಮೂಗಿನಲ್ಲಿ ಸಿಂಬಳ, ಕಾಲಲ್ಲಿ ಕಪ್ಪು ದಾರ. ಒಂದು ಹುಡುಗಿ ತಾಟು ಎತ್ತಿ ಶಾಲುಬಾಯಿಯ ಕಡೆ ಚಾಚಿತು. ಬಡಿಸಲು ಬಂದವಳು ಇವಳೇ ಅಂದುಕೊಂಡಿರಬೇಕು.

ಶಾಲುಬಾಯಿ ತಾಟು ತೆಗೆದುಕೊಂಡು ಉಪ್ಪಿಟ್ಟು ಹಾಕಿಸಿ, ಮಗುವಿನ ಮುಂದಿಟ್ಟಳು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ಅಕ್ಕಾ, ನನ್ನ ಕೈಲಿ ಆಗಂಗಿಲ್ಲ" ಎಂದಳು. "ದಿನಾ ಇವುಕ್ಕ ಉಣ್ಣಿಸ್ಲಾಕ ನನ್ನ ಕೈಲಿ ಆಗಂಗಿಲ್ಲ. ಇಷ್ಟ ಓದಿಸಿದ್ರಿ ನೀವು. ಬೈರಿ ನಂಗ."

ಕೇಶರಬಾಯಿ ಬೈಯಲಿಲ್ಲ. ಅವಳ ಪಕ್ಕದಲ್ಲಿ ಕೂತು, "ನಂಗs ತಿಳೀಬೇಕಾಗಿತ್ತು. ನಾ ಖಾಲಿ ಜಾಗ ಒಂದೇ ನೋಡ್ದೆ" ಎಂದಳು. ಒಳಗೆ ಮಕ್ಕಳು ಉಣ್ಣುವ ಗದ್ದಲ ಕೇಳುತ್ತಿತ್ತು. ಆ ಜಾಗಕ್ಕೆ ಮುಂದೆ ಬೇರೆ ಯಾರೋ ಬಂದರು.

ಆ ಸಂಜೆ ಫೋನಿನಲ್ಲಿ ಇದನ್ನು ಕೇಳಿ ಮಚ್ಛೇಂದ್ರ, "ಬ್ಯಾಡ ಬಿಡು" ಎಂದ. ಆಮೇಲೆ, "ಇಲ್ಲಿಗಿ ಬರ್ತೀಯೇನು?" ಎಂದು ಕೇಳಿದ. "ತಗಡಿನ ಪತ್ರಾದ ಖೋಲಿ ಅದ. ಧೂಳ ಭಾಳ. ಖರೆ, ನೀ ಇದ್ರ..."

"ಬರ್ತೀನ್ರಿ" ಎಂದಳು.

ಅವಳನ್ನು ಕರೆದೊಯ್ಯಲು ಅವನು ಬಂದ ವಾರವೇ ಮಳೆ ಹಿಡಿಯಿತು. ವಲಸೆ ಹೋದವರು ಬಿತ್ತನೆಗೆಂದು ಗಂಟು ಮೂಟೆ ಹೊತ್ತು ಊರಿಗೆ ಮರಳುತ್ತಿದ್ದರು. ಬೀದರದ ಬಸ್ ನಿಲ್ದಾಣದಲ್ಲಿ ಇಳಿಯುವವರೇ ಹೆಚ್ಚು. ಮೆಹಕರದ ಪರಿಚಯದವರೊಬ್ಬರು ಮಚ್ಛೇಂದ್ರನನ್ನು ಕಂಡು, "ಈಗ ಮಳಿ ಬಂದದಲ್ಲೋ, ಈಗ ಯಾಕ ಹೊಂಟಿ?" ಎಂದರು.

"ಹೊಲ ಕಾಕಾಗ ಪಾಲಿಗಿ ಕೊಟ್ಟೀನ್ರಿ" ಎಂದ ಅವನು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆ ಮನೆಯ ಕೀಲಿ ತೆಗೆಯಲು ಇಬ್ಬರಿಗೂ ಇನ್ನೂ ಮನಸ್ಸು ಬಂದಿರಲಿಲ್ಲ.

ಕೇಶರಬಾಯಿ ರೊಟ್ಟಿಯ ಗಂಟು ಕಿಟಕಿಯಿಂದ ಒಳಗೆ ಕೊಟ್ಟಳು. "ದಿನಾ ಫೋನ ಮಾಡ್ರಿ ಇಬ್ಬರೂ" ಎಂದಳು. ಬಸ್ಸು ಹೊರಟ ಮೇಲೂ ಕೊಡೆಯಿಲ್ಲದೆ ಅಲ್ಲೇ ನಿಂತಿದ್ದಳು.

ಶಹರ ದಾಟಿದ ಮೇಲೆ ಕಂಡಕ್ಟರ ಬಂದ. ಶಾಲುಬಾಯಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕೆಂಪು ನೆಲ ನೆನೆಯುವುದನ್ನು ನೋಡುತ್ತಿದ್ದಳು.

"ಎಷ್ಟ ಮಂದಿ?" ಎಂದು ಕೇಳಿದ ಕಂಡಕ್ಟರ.

"ಇಬ್ಬರs" ಎಂದ ಮಚ್ಛೇಂದ್ರ.